ಹಗೇವಿನ ಮೇಲೆ ಹಾಸಿದ ಕಂಬಳಿ

ಬಬಲೇಶ್ವರದ ಕಾಶಿಬಾಯಿ ಮಾಡುವ ಕಡಕ್ ರೊಟ್ಟಿಗಳು ಮುಂಜಾನೆಯ ಬಸ್ಸಿನಲ್ಲಿ ವಿಜಯಪುರದ ಖಾನಾವಳಿಗಳಿಗೆ ಹೋಗುತ್ತವೆ. ಕನಮಡಿಯಿಂದ ಸೊಸೆಯಾಗಿ ಬಂದಾಗಿನಿಂದ ಆಕೆ ಒಲೆಯ ಮುಂದೆ ಕುಳಿತವಳು. ಆಕೆ ರೊಟ್ಟಿ ಬಡಿಯುವ ಸಪ್ಪಳದಿಂದಲೇ ನಮ್ಮ ಓಣಿಗೆ ಬೆಳಗಾಗುತ್ತಿತ್ತು. ಕೆಲವು ವರ್ಷಗಳಿಂದ ಆ ಸಪ್ಪಳದ ನಡುನಡುವೆ ಕೆಮ್ಮು ಕೇಳತೊಡಗಿತು. ಕಟ್ಟಿಗೆಯ ಹೊಗೆಯನ್ನು ಬಿಡು, ಇಲ್ಲವೇ ರೊಟ್ಟಿಯನ್ನು ಬಿಡು ಎಂದು ವೈದ್ಯರು ಹೇಳಿದರು.

ರೊಟ್ಟಿ ಬಿಡುವ ಮಾತನ್ನು ಆಕೆ ಮನೆಯಲ್ಲಿ ಎತ್ತಲೇ ಇಲ್ಲ. ಗ್ಯಾಸಿನ ಒಲೆ ಹಾಕಿಸೋಣ ಎಂದಳು. ಮಾವ ಗುರಲಿಂಗಪ್ಪನವರಿಗೆ ಅದು ಸೇರಲಿಲ್ಲ. ಅವರದು ಹಳೆಯ ಮಾಳಿಗೆ ಮನೆ. ಸಾಗವಾನಿ ಕಂಬಗಳು, ಬೇವಿನ ತೊಲೆಗಳು, ಒತ್ತಾಗಿ ಹೊಂದಿಸಿದ ಜಂತಿಗಳು, ಅವುಗಳ ಮೇಲೆ ಮಣ್ಣು. ತೊಲೆಗೆ ಬೆಂಕಿ ಹತ್ತಿದರೆ ಅಷ್ಟೂ ಮಣ್ಣು ತಲೆಯ ಮೇಲೆ ಬೀಳುವುದು. ಕಟ್ಟಿಗೆಯದೂ ಬೆಂಕಿಯೇ ಅಲ್ಲವೇ ಎಂದು ಸೊಸೆ ಕೇಳಿದಳು. ಅದು ಕಣ್ಣಿಗೆ ಕಾಣುವ ಬೆಂಕಿ ಎಂದರು ಮಾವ. ಕಡೆಗೆ ಒಪ್ಪಿದರು, ಆದರೆ ಒಂದು ಮಾತು ಹೇಳಿಯೇ ಒಪ್ಪಿದರು.

"ಹಾಕಸು. ಆದರ ಈ ಸೂರಿನ ಕೆಳಗ ಯಾರಿಗೇನರ ಆತಂದ್ರ ಅದು ನಿನ್ನ ಮ್ಯಾಲ ಬರತೈತಿ, ನೋಡವಾ."

ವಿಜಯಪುರದಿಂದ ಲಾಡಲೇಸಾಬ ಒಲೆ ಜೋಡಿಸಲು ಬಂದ. ಕಂಬದಿಂದ ದೂರಕ್ಕೆ ಒಲೆಯನ್ನು ಸರಿಸಿ, ಹಿಂದೆ ಕಲ್ಲಿನ ಚಪ್ಪಡಿ ನಿಲ್ಲಿಸಿದ. ಜಂತಿಗಳ ಕೆಳಗೆ ತಗಡು ಹೊಡೆದ. ಮನೆಯೊಳಗೆ ತಗ್ಗು, ಗುಂಡಿ ಏನಾದರೂ ಇವೆಯೇ ಎಂದು ಕೇಳಿದ. ಇಲ್ಲವೆಂದರು ಗುರಲಿಂಗಪ್ಪ. ಪಡಸಾಲೆಯಲ್ಲಿ ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಆ ಕಣಜವನ್ನು ಹೊರಗಿನವರಿಗೆ ತೋರಿಸುವ ರೂಢಿ ಆ ಮನೆತನದಲ್ಲಿ ಇರಲಿಲ್ಲ. ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆ ಕಾಶಿಬಾಯಿಯೇ ಕಂಬಳಿ ಹಾಸಿದ್ದಳು. ಆಕೆಯೂ ಸುಮ್ಮನಿದ್ದಳು.

ತಿಂಗಳೊಪ್ಪತ್ತು ಎಲ್ಲವೂ ನೆಟ್ಟಗೆ ನಡೆಯಿತು. ಒಂದು ದಿನ ಬೆಳಗಿನಲ್ಲಿ ಅಡುಗೆಮನೆಯ ಬಾಗಿಲು ತೆರೆದೊಡನೆ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಒಲೆಯ ನಾಬ್ ಒಂದು ಸಡಿಲಾಗಿ ರಾತ್ರಿಯೆಲ್ಲ ಗ್ಯಾಸು ಸೋರಿತ್ತು. ಆಕೆ ದೀಪದ ಸ್ವಿಚ್ಚು ಮುಟ್ಟಲಿಲ್ಲ. ಸಿಲಿಂಡರನ್ನು ಬಂದ್ ಮಾಡಿ, ಎರಡೂ ಬಾಗಿಲು ತೆರೆದು, ಮಾಳಿಗೆಯ ಬೆಳಕಿಂಡಿಯ ಮುಚ್ಚಳವನ್ನೂ ಸರಿಸಿದಳು. ಸ್ವಲ್ಪ ಹೊತ್ತಿಗೆ ವಾಸನೆ ಹೋಯಿತು. ಲಾಡಲೇಸಾಬನಿಗೆ ಫೋನ್ ಮಾಡಿದಾಗ, ತಾನು ಬರುವ ತನಕ ಒಲೆ ಹಚ್ಚಬೇಡಿರಿ ಎಂದ.

ಹೇಗೂ ಒಲೆ ನಿಂತಿದೆ, ಅಷ್ಟರಲ್ಲಿ ಹಗೇವಿನಿಂದ ಜೋಳ ತೆಗೆಯೋಣವೆಂದು ಗುರಲಿಂಗಪ್ಪನವರೂ ಕಾಶಿಬಾಯಿಯ ಗಂಡ ಸಂಗನಬಸವನೂ ಕಲ್ಲು ಸರಿಸಿದರು. ಮುಗ್ಗುಲು ವಾಸನೆಗೆ ಸಂಗನಬಸವ ಮೂಗಿಗೆ ಟವೆಲು ಕಟ್ಟಿಕೊಂಡಿದ್ದ. ನಶ್ಯ ಸೇದುವ ಮುದುಕರ ಮೂಗು ಎಂದೋ ಸತ್ತಿತ್ತು. ಹಗೇವಿಗೆ ಮನುಷ್ಯ ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು ಪದ್ಧತಿ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲವೆಂದು ಅರ್ಥ. ಆ ಪರೀಕ್ಷೆ ಮಾಡದೆ ಇಳಿದ ತಮ್ಮನನ್ನು ಗುರಲಿಂಗಪ್ಪ ಹೆಣವಾಗಿ ಮೇಲೆತ್ತಿದವರು. ಆದ್ದರಿಂದ ಅವರು ದೀಪ ಬಿಡದೆ ಯಾರನ್ನೂ ಇಳಿಸುತ್ತಿರಲಿಲ್ಲ.

ಕಾಶಿಬಾಯಿ ಅಡುಗೆಮನೆಯ ಹೊಸ್ತಿಲ ಬಳಿ ಬಾಗಿ ನೆಲ ಒರೆಸುತ್ತಿದ್ದಳು. ಮತ್ತೆ ಅದೇ ವಾಸನೆ ಬಂತು. ಎದ್ದು ನಿಂತಳು, ಇಲ್ಲ. ಮತ್ತೆ ಬಾಗಿದಳು, ಇದೆ. ಅದು ಮೇಲಿನ ಬೆಳಕಿಂಡಿಯಿಂದ ಹೋಗಿರಲಿಲ್ಲ, ಕೆಳಗೆ ಮಲಗಿತ್ತು. ಮನೆಯೊಳಗೆ ತಗ್ಗು, ಗುಂಡಿ ಇವೆಯೇ ಎಂದು ಲಾಡಲೇಸಾಬ ಅಂದು ಏಕೆ ಕೇಳಿದನೆಂಬುದು ಆಗ ಹೊಳೆಯಿತು. ತಲೆಯೆತ್ತಿದರೆ, ಪಡಸಾಲೆಯಲ್ಲಿ ಮಾವ ಕಂದೀಲಿನ ಗಾಜು ಎತ್ತಿ ಕಡ್ಡಿಪೆಟ್ಟಿಗೆ ತೆರೆಯುತ್ತಿದ್ದಾರೆ.

ಹೇಳಿ ತಿಳಿಸಲು ಹೊತ್ತಿರಲಿಲ್ಲ. ಪಕ್ಕದಲ್ಲಿದ್ದ ನೀರಿನ ಕೊಡವನ್ನು ಎತ್ತಿಕೊಂಡು ಹೋಗಿ ಮಾವನ ಕೈಯ ಮೇಲೆ ಬೋರಲು ಹಾಕಿದಳು. ಕಡ್ಡಿಪೆಟ್ಟಿಗೆ, ಕಂದೀಲು, ಹಿರಿಯರ ಧೋತರ ಎಲ್ಲವೂ ತೊಯ್ದವು.

"ತಲಿ ಕೆಟ್ಟೈತೇನ ನಿನಗ?" ಎಂದ ಸಂಗನಬಸವ.

"ಕೆಟ್ಟೈತಿ. ಮೊದಲ ಹೊರಗ ನಡೀರಿ, ಆಮ್ಯಾಲ ಬೈರಿ. ಗ್ಯಾಸು ಹಗೇವಿನ್ಯಾಗ ಕುಂತೈತಿ."

ಗುರಲಿಂಗಪ್ಪ ಕದಲಲಿಲ್ಲ. "ದೀಪ ಬಿಡಲಾರದ, ಮಗನ್ನ ಹೆಂಗ ಇಳಸ್ಲಿ?"

"ಇಳಸಬ್ಯಾಡ್ರಿ. ಜ್ವಾಳ ಅಲ್ಲೇ ಇರ್ಲಿ."

ಅವಳು ಮಾವನ ರಟ್ಟೆ ಹಿಡಿದು ಹೊರಗೆ ತಂದಳು. ಎಂದೂ ಅವರೆದುರು ಸೆರಗು ಜಾರಿಸದವಳು.

ಲಾಡಲೇಸಾಬ ಬಂದಾಗ ಮೂವರೂ ಬೀದಿಯಲ್ಲಿ ನಿಂತಿದ್ದರು. ಅವನು ಗ್ಯಾಸ್ ಏಜೆನ್ಸಿಯವರನ್ನು ಕರೆಸಿದ. ಗ್ಯಾಸು ಪತ್ತೆಹಚ್ಚುವ ಅವರ ಯಂತ್ರ ಹಗೇವಿನ ಬಾಯಿಗೆ ಹೋದೊಡನೆ ಚೀರಿತು. ಬೀದಿಯಿಂದ ಉದ್ದ ಕೊಳವೆ ಹಾಕಿ ಒಳಗೆ ಗಾಳಿ ಊದಿ, ಅದು ಚೀರುವುದು ನಿಲ್ಲುವ ತನಕ ಯಾರನ್ನೂ ಒಳಗೆ ಬಿಡಲಿಲ್ಲ. ಈ ಗ್ಯಾಸು ಹೊಗೆಯಂತೆ ಮೇಲೇರದು, ನೀರಿನಂತೆ ತಗ್ಗು ಹುಡುಕುತ್ತದೆ, ರಾತ್ರಿಯೆಲ್ಲ ಕಲ್ಲಿನ ಸಂದಿಯಿಂದ ಹಗೇವಿಗೆ ಇಳಿದಿದೆ ಎಂದು ವಿವರಿಸಿದ ಲಾಡಲೇಸಾಬ ಗುರಲಿಂಗಪ್ಪನವರ ಕಡೆಗೆ ತಿರುಗಿದ.

"ನಾ ಕೇಳಿದಾಗ ಒಂದ ಮಾತು ಹೇಳಬಾರದೇನ್ರಿ ಕಾಕಾ? ನಾ ಏನ ನಿಮ್ಮ ಜ್ವಾಳ ಹೊತಗೊಂಡ ಹೊಕ್ಕಿದ್ನೇನು?"



ಹಗೇವು, ಗ್ಯಾಸು ಎರಡೂ ಒಂದೇ ಸೂರಿನಲ್ಲಿ ಇರಬಾರದು, ಒಂದನ್ನು ತೆಗೆಯಿರಿ ಎಂದು ಏಜೆನ್ಸಿಯವರು ಹೇಳಿ ಹೋದರು. ಮಾವ ಯಾವುದನ್ನು ತೆಗೆಸುವರೆಂದು ಕಾಶಿಬಾಯಿಗೆ ಅನುಮಾನವಿರಲಿಲ್ಲ. ಮತ್ತೆ ಕಟ್ಟಿಗೆಯೇ ಗತಿಯೆಂದು ಹಳೆಯ ಒಲೆಯ ಬೂದಿ ತೆಗೆಯತೊಡಗಿದಳು. ಜೋಳವೆಲ್ಲ ತಗಡಿನ ಡಬ್ಬಗಳಿಗೆ ಸೇರಿದ ಮರುದಿನ ಗುರಲಿಂಗಪ್ಪ ಮಣ್ಣಿನ ಬುಟ್ಟಿ ಹೊತ್ತು ಒಳಗೆ ಬಂದರು. ತಮ್ಮ ಅಜ್ಜ ತೋಡಿದ ಹಗೇವಿಗೆ ಮೊದಲ ಮಣ್ಣನ್ನು ತಾವೇ ಸುರಿದರು. ಲಾಡಲೇಸಾಬ ಸಿಲಿಂಡರನ್ನು ಹೊರಗೋಡೆಗೆ ಸಾಗಿಸಿ, ಒಲೆಗೆ ಹೊಸ ನಾಬ್ ಕೂಡಿಸಿ, ಎಲ್ಲವನ್ನೂ ಪರೀಕ್ಷಿಸಿದ.

ಮಾವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. "ಇನ್ನ ಹಚ್ಚವಾ," ಎಂದರು.

ಕಾಶಿಬಾಯಿ ಕೂಡಲೇ ಹಚ್ಚಲಿಲ್ಲ. ಮೊಣಕಾಲೂರಿ, ನೆಲಕ್ಕೆ ಮೂಗು ತಾಗುವಷ್ಟು ಬಾಗಿ, ಮೂಲೆಯಿಂದ ಮೂಲೆಗೆ ಮೂಸಿ ನೋಡಿದಳು. ಮಾವನೂ ಗಂಡನೂ ಕಾದು ನಿಂತಿದ್ದರು. ಆಮೇಲೆ ಕಡ್ಡಿ ಗೀರಿದಳು.