ನಾಲ್ಕು ಮೋಟು ಗೂಟಗಳು

ವೈಕಾರೊ ಕೆರೆಯಲ್ಲಿ ಅಟ್ಟಣೆ ಕಳವಾಗುವುದು ಹೊಸದೇನಲ್ಲ. ಮೇ ತಿಂಗಳ ಮೊದಲ ಶನಿವಾರ ಬಾತುಕೋಳಿ ಬೇಟೆ ಶುರು. ಅದಕ್ಕೆ ಮುಂಚೆಯೇ ಜನ ನೀರಲ್ಲಿ ಗೂಟ ನೆಟ್ಟು, ಹಲಗೆ ಹಾಸಿ, ಸುತ್ತ ಜೊಂಡು ಕಟ್ಟಿ, ಒಳಗೆ ಅಡಗಿ ಕೂರುವುದಕ್ಕೆ ಒಂದು ಮರೆ ಮಾಡಿಕೊಳ್ಳುತ್ತಾರೆ, ಅದೇ ಅಟ್ಟಣೆ. ಕೆರೆ ಸರ್ಕಾರದ್ದು, ಅಟ್ಟಣೆ ಕಟ್ಟಿದವನದು, ಕಾವಲು ಯಾರದೂ ಅಲ್ಲ. ತಗಡು ಹೋಗುತ್ತದೆ, ಸ್ಟೌ ಹೋಗುತ್ತದೆ, ಒಂದು ವರ್ಷ ಯಾರೋ ಪುಣ್ಯಾತ್ಮರು ಉಳಿದದ್ದೆಲ್ಲ ಬಿಟ್ಟು ಬಾಗಿಲೊಂದನ್ನೇ ಬಿಚ್ಚಿಕೊಂಡು ಹೋಗಿದ್ದರು. ಮನಸ್ಸು ಬಂದರೆ ಬೆಂಕಿ ಇಡುವವರೂ ಇದ್ದಾರೆ. ಜನ ನಾಲ್ಕು ದಿನ ಬೈಯುತ್ತಾರೆ, ಆಮೇಲೆ ಹೊಸ ಹಲಗೆ ತರುತ್ತಾರೆ.

ಲಿಂಡ್ಸೆ ಪುಲ್ಲರ್ ಮಾತ್ರ ನಾಲ್ಕು ದಿನಕ್ಕೆ ಬಿಡಲಿಲ್ಲ. ಒಂಬತ್ತು ವರ್ಷ ಬೈದ.

ಅವನು ಮಾಂಸದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕುರಿ ಕೊಯ್ದು ನಿವೃತ್ತನಾದವನು. ಮಾತು ಕಮ್ಮಿ, ಸಿಟ್ಟು ಜಾಸ್ತಿ, ಹೆಂಡತಿ ಮಾಯ್ರಾಳಿಗೆ ಬಿಟ್ಟರೆ ಯಾರಿಗೂ ಹೆದರಿದವನಲ್ಲ. ಕೆರೆಯ ಪಡುವಣ ಮೂಲೆಯ ಅಟ್ಟಣೆಯಲ್ಲಿ ಮೂವತ್ತೊಂಬತ್ತು ವರ್ಷದಿಂದ ಕೂರುತ್ತಿದ್ದ. ಆ ಒಂದು ಶನಿವಾರಕ್ಕಾಗಿ ವರ್ಷವೆಲ್ಲ ಬದುಕಿದ್ದಾನೇನೋ ಅನ್ನಿಸುತ್ತಿತ್ತು. ಕೂಗಳತೆಯಲ್ಲಿ ಡೆಸ್ ಹೋಗನ್‌ನ ಅಟ್ಟಣೆ. ಡೆಸ್ ಬಡಗಿ. ಇಬ್ಬರೂ ಒಂದೇ ಶಾಲೆಯಲ್ಲಿ ಏಟು ತಿಂದವರು. ಲಿಂಡ್ಸೆಗೆ ಗರಗಸ ಹಿಡಿಯುವುದನ್ನು ಕಲಿಸಿದವನು, ಅವನ ಅಟ್ಟಣೆಯ ಮೊದಲ ಗೂಟ ಹೊಡೆದವನು ಡೆಸ್ಸೇ.

ಕಾಡುಬಾತು ನೀರಿಗಿಳಿಯಬೇಕಾದರೆ ಅಲ್ಲಿ ಮೊದಲೇ ಬಾತುಗಳಿವೆ ಎಂದು ಅದಕ್ಕೆ ಕಾಣಬೇಕು. ಅದಕ್ಕೇ ಮರದ ಬಾತುಗಳನ್ನು ತೇಲಿಬಿಡುವುದು. ಅಂಗಡಿಯ ಪ್ಲಾಸ್ಟಿಕ್ ಬಾತು ಕಂಡರೆ ಲಿಂಡ್ಸೆ ಮೂಗು ಮುರಿಯುತ್ತಿದ್ದ. ಮೂರು ಚಳಿಗಾಲ ಕೂತು ತಾನೇ ಹದಿನೆಂಟು ಕೆತ್ತಿದ್ದ. ಒಂದು ಬಾತು ಕತ್ತು ತಿರುಗಿಸಿ ಬೆನ್ನು ಕೆದರಿಕೊಳ್ಳುವಂತಿತ್ತು, ಅದು ಮಾಯ್ರಾಳಿಗೆ ಇಷ್ಟ. ಬೇರೆಯವರು ಒಂದೊಂದು ಬಾತಿಗೂ ಉದ್ದ ದಾರ, ಸಣ್ಣ ಕಲ್ಲು ಕಟ್ಟುತ್ತಿದ್ದರು, ಗಾಳಿಗೆ ಅವು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಲಿಂಡ್ಸೆ ಹದಿನೆಂಟನ್ನೂ ಒಂದೇ ಹಗ್ಗಕ್ಕೆ ಗಿಡ್ಡ ದಾರದಲ್ಲಿ ಕಟ್ಟಿ, ಹಗ್ಗದ ಎರಡು ತುದಿಗೂ ರೈಲು ಕಂಬಿಯ ತುಂಡು ಹಾಕಿ ಮುಳುಗಿಸುತ್ತಿದ್ದ. ಒಂದೂ ಗೇಣು ಆಚೀಚೆ ಹೋಗುತ್ತಿರಲಿಲ್ಲ.

"ಅವೇನು ಬಾತೋ, ಜೈಲಿನ ಕೈದಿಗಳೋ?" ಎಂದು ಡೆಸ್ ಕಾಲೆಳೆಯುತ್ತಿದ್ದ. "ಸಾಯೋ ಮುಂಚೆ ನಂಗೆ ಬರೆದು ಕೊಡಯ್ಯ, ನಾನಾದ್ರೂ ಬಿಡುಗಡೆ ಮಾಡ್ತೀನಿ."

ಒಂಬತ್ತು ವರ್ಷದ ಹಿಂದೆ ಲಿಂಡ್ಸೆಗೆ ಸೊಂಟ ಹಿಡಿದಿತ್ತು. ಬೇಟೆಯ ಬೆಳಗ್ಗೆ ಭಾರ ಹೊರಲಾಗದೆಂದು ಬಾತುಗಳನ್ನು ಒಂದು ವಾರ ಮೊದಲೇ ನೀರಿಗೆ ಬಿಟ್ಟು ಬಂದ. ಆ ವಾರ ಮಳೆ ಹೊಡೆಯಿತು. ಕೆರೆಗೆ ಹೊಸ ತೂಬು ಹಾಕಿದ್ದ ವರ್ಷವೂ ಅದೇ. ಶನಿವಾರ ಬೆಳಕು ಹರಿಯುವಾಗ ಅಟ್ಟಣೆಗೆ ಬಂದು ನೋಡಿದರೆ ನೀರು ಖಾಲಿ. ಒಂದೂ ಬಾತಿಲ್ಲ. ಅತ್ತ ಡೆಸ್‌ನ ಅಟ್ಟಣೆಯ ಮುಂದೆ, ಹೊಸ ಬಣ್ಣದ ಬಾತುಗಳ ಸಾಲು. ತನ್ನವಕ್ಕೇ ಬಣ್ಣ ಬಳಿದಿದ್ದಾನೆ ಎಂದುಕೊಂಡ.

ಹೋಗಿ ಒಂದನ್ನು ಎತ್ತಿ ನೋಡಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಮನುಷ್ಯ ಒಮ್ಮೆ ನಂಬಿದ ಮೇಲೆ ನೋಡುವುದಕ್ಕೆ ಯಾಕೆ ಹೋಗುತ್ತಾನೆ? ಜೂನ್‌ನಲ್ಲಿ ಡೆಸ್‌ನ ಮಗಳ ಮದುವೆ. ಊರಿಗೆ ಊರೇ ಸಭಾಂಗಣದಲ್ಲಿ ಕುಣಿಯುತ್ತಿರುವಾಗ, ಮಟಮಟ ಮಧ್ಯಾಹ್ನ, ಸೊಂಟದವರೆಗೆ ನೀರಲ್ಲಿ ನಿಂತು, ಲಿಂಡ್ಸೆ ಡೆಸ್‌ನ ಅಟ್ಟಣೆಯ ನಾಲ್ಕು ಕಾಲನ್ನೂ ಕೊಯ್ದು ಹಾಕಿದ. ಮನೆಗೆ ಬಂದು ಕೈ ತೊಳೆದು ಊಟ ಮಾಡಿದ.

ಯಾರೂ ನೋಡಿರಲಿಲ್ಲ. ಪಟ್ಟಣದ ಪುಂಡರ ಕೆಲಸ ಎಂದು ಜನ ಶಾಪ ಹಾಕಿದರು. ಮರುವರ್ಷದ ಬಿಲ್ಲೆ ದಿನ, ಅಂದರೆ ಅಟ್ಟಣೆಗೆ ಬೇಟೆ ಲೈಸೆನ್ಸಿನ ಬಿಲ್ಲೆ ಹೊಡೆಯುವ ದಿನ, ಚಹಾ ಮೇಜಿನ ಹತ್ತಿರ ಎಲ್ಲರೆದುರು ಲಿಂಡ್ಸೆ ಅಂದ, "ಕಳ್ಳತನ ಮಾಡಿದವನ ಮನೆಗೂ ಕಳ್ಳರು ಬರ್ತಾರೆ. ನನ್ನ ಬಾತು ಯಾರ ಹತ್ರ ಇದೆ ಅಂತ ಡೆಸ್‌ನ ಕೇಳಿ." ಡೆಸ್ ಲೋಟ ಕೆಳಗಿಟ್ಟ, ಹೋದ. ಅಲ್ಲಿಂದೀಚೆಗೆ ಕೆರೆಗೆ ಬರಲಿಲ್ಲ. ಲಿಂಡ್ಸೆ ಪ್ರತಿ ವರ್ಷ ತನ್ನ ಅಟ್ಟಣೆಯಲ್ಲಿ ಕೂತಾಗ ಎದುರಿಗೆ ಆ ನಾಲ್ಕು ಮೋಟು ಗೂಟ ಕಾಣುತ್ತಿದ್ದವು. ಪುಂಡರು ಒಮ್ಮೆ ಕೈಯಿಟ್ಟ ಜಾಗಕ್ಕೆ ಮತ್ತೆ ಕೈಯಿಡುತ್ತಾರೆ ಎಂದು ಬೇರೆ ಯಾರೂ ಅಲ್ಲಿ ಕಟ್ಟಲಿಲ್ಲ.

ಈ ಮಾರ್ಚ್‌ನಲ್ಲಿ ತೂಬು ರಿಪೇರಿಗೆಂದು ಕೆರೆಯ ನೀರು ಇಳಿಸಿದರು. ಜೊಂಡು ಕೊಯ್ಯಲು ಹೋದ ಲಿಂಡ್ಸೆ ತನ್ನ ಅಟ್ಟಣೆಯ ಮುಂದೆ ಕೆಸರಿನಲ್ಲಿ ಒಂದು ಸಾಲು ಕಂಡ. ಹದಿನೆಂಟು ಉಬ್ಬು. ಎರಡು ತುದಿಗೂ ತುಕ್ಕು ಹಿಡಿದ ಕಂಬಿ. ಮೊದಲನೆಯದನ್ನು ಎತ್ತಿ ಕೆಸರು ಒರೆಸಿದ. ಕತ್ತು ತಿರುಗಿಸಿಕೊಂಡಿತ್ತು.

ಆ ಮಳೆಗೆ ನೀರು ಏರಿತ್ತು, ಹೊಸ ತೂಬು ಅದನ್ನು ಮತ್ತೆ ಇಳಿಯಗೊಟ್ಟಿರಲಿಲ್ಲ, ದಾರ ಗಿಡ್ಡವಿತ್ತು, ಕಂಬಿ ಭಾರವಿತ್ತು. ಬಾತುಗಳು ಎಲ್ಲಿಗೂ ಹೋಗಿರಲಿಲ್ಲ, ಒಂದು ಮೊಳ ಕೆಳಗಿದ್ದವು ಅಷ್ಟೇ. ಈ ಕೆರೆಯ ನೀರು ಚಹಾದ ಬಣ್ಣದ್ದು, ಮುಳುಗಿಸಿದ ಕೈ ಕಾಣುವುದಿಲ್ಲ. ಒಂಬತ್ತು ವರ್ಷ ಅವನು ಅವುಗಳ ಮೇಲೆಯೇ ದೋಣಿ ಹಾಯಿಸಿದ್ದ. ಲಿಂಡ್ಸೆ ಹದಿನೆಂಟನ್ನೂ ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದ.

ಮಾಯ್ರಾ ಹಿತ್ತಿಲಲ್ಲಿ ಚೀಲ ಬಿಚ್ಚಿ ನೋಡಿದಳು. ಗೂಟ ಕೊಯ್ದದ್ದನ್ನೂ ಅವನು ಆಗಲೇ ಬಾಯಿಬಿಟ್ಟ.

"ಮದುವೆ ದಿನ ತಲೆನೋವು ಅಂದಿದ್ದೆಯಲ್ಲ," ಅಂದಳು.

"ಹೂಂ."

"ನಾನು ಅಲ್ಲಿ ಡೆಸ್ ಪಕ್ಕ ಕೂತು ಕೇಕ್ ತಿಂತಿದ್ದೆ, ಲಿನ್. ಪಾಪ ಲಿನ್‌ಗೆ ಒಂದು ತುಂಡು ತಗೊಂಡು ಹೋಗು ಅಂತ ಕಟ್ಟಿಕೊಟ್ಟ. ನೀನು ತಿಂದೆ ಕೂಡ." ಆಮೇಲೆ ನಲ್ಲಿ ಬಿಟ್ಟು ಬಾತುಗಳನ್ನು ತೊಳೆಯತೊಡಗಿದಳು. "ಹೇಳಿದ್ರೆ ಲೈಸೆನ್ಸ್ ಹೋಗುತ್ತೆ. ಅಟ್ಟಣೆ ಹೋಗುತ್ತೆ."

"ಗೊತ್ತು."

"ಗೊತ್ತಿದ್ರೆ ಸರಿ. ಹೋಗು."

ಡೆಸ್ ಮನೆಯ ಮುಂದೆ ಆಲೂಗೆಡ್ಡೆ ಅಗೆಯುತ್ತಿದ್ದ. ಒಂದು ಮಂಡಿ ಮಡಚುತ್ತಿರಲಿಲ್ಲ, ಆ ಕಾಲು ಚಾಚಿಕೊಂಡೇ ಕೂತಿದ್ದ. ಲಿಂಡ್ಸೆ ಚೀಲವನ್ನು ಅವನ ಮುಂದೆ ಸುರಿದ.

"ಕೆಸರಲ್ಲಿದ್ವು. ನನ್ನ ಜಾಗದಲ್ಲೇ," ಅಂದ. "ನೀನು ತಗೊಂಡಿರ್ಲಿಲ್ಲ."

"ನಾನು ತಗೊಂಡಿರ್ಲಿಲ್ಲ ಅಂತ ನಂಗೆ ಹೇಳೋಕೆ ಬಂದ್ಯಾ?"

"ನಿನ್ನ ಅಟ್ಟಣೆ ಕೊಯ್ದೋನು ನಾನು."

ಡೆಸ್ ಒಂದು ಆಲೂಗೆಡ್ಡೆಯ ಮಣ್ಣು ಉಜ್ಜಿ ಬಕೆಟ್ಟಿಗೆ ಹಾಕಿದ. "ಅದೂ ಗೊತ್ತು."

"ಹೇಗೆ?" ಅಂದ ಲಿಂಡ್ಸೆ.

"ಮದುವೆ ಮುಗಿದ ಮರುದಿನವೇ ಹೋಗಿ ನೋಡ್ದೆ," ಎಂದ ಡೆಸ್. "ನಾಲ್ಕು ಗೂಟಕ್ಕೂ ಆಚೆ ಬದಿಯಲ್ಲಿ ಮೊದಲು ಒಂದು ಸಣ್ಣ ಗೀರು, ಆಮೇಲೆ ಈಚೆಯಿಂದ ಕೊಯ್ತ. ಮರ ಸೀಳಬಾರದು ಅಂತ. ಹಾಳು ಮಾಡೋಕೆ ಬಂದೋನು ಅಷ್ಟು ನಯವಾಗಿ ಕೊಯ್ತಾನೇನೋ? ಅದನ್ನ ಈ ಊರಲ್ಲಿ ನಾನು ಒಬ್ಬನಿಗೇ ಕಲಿಸಿದ್ದು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅವತ್ತು ಬಾಯಿ ಬರಲಿಲ್ಲ ಕಣೋ. ನೀನಾಗಿ ಬರ್ತೀಯ ಅಂತ ಕಾದೆ. ಅಷ್ಟರಲ್ಲಿ ನೀನು ನನ್ನನ್ನ ಕಳ್ಳ ಅಂದಾಗಿತ್ತು. ಆಮೇಲೆ ನಾನು ಏನು ಹೇಳಿದ್ರೂ ಕಳ್ಳನ ಮಾತೇ." ಅವನು ಇನ್ನೊಂದು ಗೆಡ್ಡೆ ಕಿತ್ತ. "ಅಂಗಡಿಗೆ ಹೋದ್ರೆ ಚಿಲ್ಲರೆ ಡಬ್ಬ ಆ ಕಡೆ ಸರಿಸೋರು, ಲಿನ್. ಗೊತ್ತಾಯ್ತಾ? ಅಟ್ಟಣೆ ಹಾಳಾಗಲಿ, ಇನ್ನೊಂದು ಕಟ್ಟಬಹುದಿತ್ತು."

"ಏನ್ ಮಾಡ್ಲಿ ಹೇಳು."

"ಎಲ್ಲಿ ಅಂದ್ಯೋ ಅಲ್ಲೇ ವಾಪಸ್ ತಗೋ. ಇಲ್ಲಿ ಆಲೂಗೆಡ್ಡೆ ಮುಂದೆ ಹೇಳಿದ್ರೆ ಏನು ಬಂತು?"

ಬಿಲ್ಲೆ ದಿನ ಏಪ್ರಿಲ್‌ನ ಒಂದು ಭಾನುವಾರ. ಹಿಂದಿನ ವರ್ಷ ಕೂತವರು ಬೆಳಗ್ಗೆ ಹತ್ತು ಗಂಟೆಯೊಳಗೆ ತಮ್ಮ ಲೈಸೆನ್ಸಿನ ಬಿಲ್ಲೆಯನ್ನು ಅಟ್ಟಣೆಗೆ ಹೊಡೆಯಬೇಕು. ಹತ್ತರ ಮೇಲೆ ಬಿಲ್ಲೆ ಇಲ್ಲದ ಜಾಗ ಯಾರು ಮೊದಲು ಹೊಡೆದರೆ ಅವರದ್ದು. ಅಟ್ಟಣೆಯೇ ಇರಬೇಕೆಂದಿಲ್ಲ, ಒಂದು ಗೂಟವಿದ್ದರೂ ಸಾಕು. ದಡದಲ್ಲಿ ಎಂದಿನಂತೆ ಚಹಾ ಮೇಜು, ಬಿಸಿ ಚೀಸ್ ರೋಲ್, ನಲವತ್ತು ಜನ. ಮೇಜಿನ ಕೊನೆಯಲ್ಲಿ ಲೈಸೆನ್ಸ್ ನೋಡಿಕೊಳ್ಳುವ ರೇಂಜರ್ ಪೋಲಾ ಪುಸ್ತಕ ಹಿಡಿದು ಕೂತಿದ್ದಳು. ಡೆಸ್ ಎಂಟು ವರ್ಷದ ಮೇಲೆ ಬಂದಿದ್ದ, ಕೋಲೂರಿಕೊಂಡು ಒಂದು ಬದಿಗೆ ನಿಂತಿದ್ದ. ಯಾರೂ ಅವನ ಹತ್ತಿರ ನಿಂತಿರಲಿಲ್ಲ.

ಲಿಂಡ್ಸೆ ಮರದ ಬಾತನ್ನು ಚಹಾ ಮೇಜಿನ ಮೇಲಿಟ್ಟ. ಎರಡು ಲೋಟ ಉರುಳಿದವು.

"ಇದನ್ನ ಡೆಸ್ ಕದ್ದಿರ್ಲಿಲ್ಲ," ಅಂದ. "ನನ್ನ ದಾರ ಗಿಡ್ಡ ಇತ್ತು, ಮುಳುಗಿತ್ತು. ಅವನ ಅಟ್ಟಣೆ ಕೊಯ್ದಿದ್ದು ಪಟ್ಟಣದವರಲ್ಲ. ನಾನು. ಅವನ ಮಗಳ ಮದುವೆ ದಿನ."

ಯಾರೋ ಚೀಸ್ ರೋಲ್ ಅಗಿಯುವುದನ್ನು ನಿಲ್ಲಿಸಿದರು. ಪೋಲಾ ಪೆನ್ನು ಕೆಳಗಿಟ್ಟಳು.

"ಲಿಂಡ್ಸೆ, ನೀನು ಇದನ್ನ ನನ್ನ ಮುಂದೆ ಹೇಳ್ತಿದ್ದೀಯ. ಕೇಳಿಸಿಲ್ಲ ಅಂತ ನಾನು ಅನ್ನೋಕಾಗಲ್ಲ."

"ನಿನ್ನ ಮುಂದೆ ಅಂತಲೇ ಹೇಳಿದ್ದು."

ಅವಳು ಕೈ ಚಾಚಿದಳು. ಲಿಂಡ್ಸೆ ಲೈಸೆನ್ಸ್, ಬಿಲ್ಲೆ ಎರಡನ್ನೂ ಕೊಟ್ಟ. "ಐದು ವರ್ಷಕ್ಕೆ ಕಮ್ಮಿ ಇಲ್ಲ," ಅಂದಳು ಪೋಲಾ. ಅವನಿಗೆ ಆಗಲೇ ಎಪ್ಪತ್ತು.

ಹತ್ತು ಗಂಟೆಯ ಸೀಟಿ ಆಯಿತು. ಪಟ್ಟಣದಿಂದ ಬಂದಿದ್ದ ಗಂಡಹೆಂಡತಿ ಇಬ್ಬರು ಪಡುವಣ ಮೂಲೆಗೆ ನೀರಲ್ಲಿ ನಡೆದು, ಮೂವತ್ತೊಂಬತ್ತು ವರ್ಷದ ಅಟ್ಟಣೆಗೆ ತಮ್ಮ ಬಿಲ್ಲೆ ಹೊಡೆದರು. ಲಿಂಡ್ಸೆ ನೋಡುತ್ತ ನಿಂತ.

ಆಮೇಲೆ ಇನ್ನೊಂದು ಸುತ್ತಿಗೆಯ ಸದ್ದು ಕೇಳಿತು. ಡೆಸ್ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಇನ್ನೂ ತುಂಬದ ಕೆರೆಯ ಮಂಡಿಯುದ್ದ ನೀರಲ್ಲಿ ನಿಂತು, ಮೋಟು ಗೂಟವೊಂದಕ್ಕೆ ಬಿಲ್ಲೆ ಹೊಡೆಯುತ್ತಿದ್ದ.

"ಅವನ ಹತ್ರ ಲೈಸೆನ್ಸ್ ಎಲ್ಲಿತ್ತು?" ಲಿಂಡ್ಸೆ ಕೇಳಿದ.

"ಪ್ರತಿ ವರ್ಷ ತಗೋತಾನಲ್ಲ," ಅಂದಳು ಪೋಲಾ. "ಒಂದು ವರ್ಷವೂ ತಪ್ಪಿಸಿಲ್ಲ."

ಡೆಸ್ ನಿಧಾನವಾಗಿ ದಡಕ್ಕೆ ಬಂದ. ಈ ಸಲ ಚಹಾದ ಲೋಟ ಕೊಡಲು ಮೂರು ಕೈ ಚಾಚಿದವು. ಅವನು ಒಂದನ್ನು ತೆಗೆದುಕೊಂಡು ಲಿಂಡ್ಸೆಯ ಪಕ್ಕ ನಿಂತು, ನೀರಿನ ಕಡೆಗೇ ನೋಡುತ್ತ ಒಂದು ಗುಟುಕು ಕುಡಿದ.

"ಶನಿವಾರಕ್ಕೆ ಇನ್ನು ಮೂರು ವಾರ ಇದೆ," ಅಂದ. "ನಂಗೆ ಮಂಡಿ ಮಡಚಲ್ಲ. ನಾಳೆ ಬೆಳಗ್ಗೆ ಗರಗಸ ತಗೊಂಡು ಬಾ. ಕೊಯ್ಯೋದಂತೂ ನಿಂಗೆ ಚೆನ್ನಾಗಿ ಬರುತ್ತೆ."