ಹಿಂದಿನ ಬಾಗಿಲು ಬೊಂಬಾಯಿ

ನಾನು ಕಂಡ ಹಿಮಾಲಯದ ಮೇಲೆ ಕೂತ್ರೆ ಕುಂಡಿ ಸುಡ್ತಿತ್ತು. ಮೊಳಕಾಲ್ಮುರಿಂದ ಚಳ್ಳಕೆರೆಗೆ ಹೋಗೋ ಬೆಳಗಿನ ಏಳೂವರೆ ಪ್ರೈವೇಟ್ ಬಸ್ಸಿನ ಇಂಜಿನ್ ಬಾನೆಟ್ ಅದು. ಡ್ರೈವರ್ ಪಕ್ಕದ ಆ ತಗಡಿಗೆ ಹಿಮಾಲಯ ಅಂತ ಹೆಸರಿಟ್ಟೋನು ಕಂಡಕ್ಟರ್ ಯರ್ರಪ್ಪಣ್ಣ. ಅವನ ಋಣ ನನ್ನ ತಲೆ ಮೇಲೆ ಐತೆ. ಒಂದು ಸಲ ಅವನಿಂದಲೇ ನಾನು ಪರೀಕ್ಷೆ ಫೇಲಾದೆ, ಆದ್ರೂ ಐತೆ.

ನಮ್ಮಪ್ಪ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಲ್ಲಿ ಹಮಾಲಿ ಮಾಡ್ತಿದ್ದ. ಅಪ್ಪ ತೀರ್ಕೊಂಡ ಮೇಲೆ ಅವ್ವ ಕರಿಯಕ್ಕ ನನ್ನ ಕರ್ಕೊಂಡು ತವರೂರು ಬಿ.ಜಿ. ಕೆರೆಗೆ ಬಂದ್ಲು, ಕೂಲಿಗೆ ನಿಂತ್ಲು. ನಾನಾಗ ಹತ್ತನೇ ಕ್ಲಾಸು. ವರ್ಷದ ಮಧ್ಯ ಸ್ಕೂಲು ಬಿಡಿಸೋದು ಬೇಡ ಅಂತ ದಿನಾ ಬಸ್ಸಲ್ಲಿ ಚಳ್ಳಕೆರೆಗೆ ಹೋಗಿ ಬರ್ತಿದ್ದೆ. ತೊಂಬತ್ತಾರನೇ ಇಸವಿ ಅದು. ನನ್ನ ಸ್ಕೂಲಿಗೆ ಸೇರಿಸಿದ್ದೇ ತಡವಾಗಿ, ಹಾಗಾಗಿ ಹತ್ತನೇ ಕ್ಲಾಸಿಗೇ ಮದುವೆ ವಯಸ್ಸಿಗೆ ಬಂದಿದ್ದೆ.

ನಮ್ಮೂರ ಅಂಗನವಾಡಿ ಟೀಚರು ಪಾಪಕ್ಕ ಮುಂದಿನ ವರ್ಷದ ಕೊನೆಗೆ ಕೆಲಸ ಬಿಡೋಳಿದ್ಲು. ಎಸ್ಸೆಲ್ಸಿ ಪಾಸಾದ ಊರ ಹುಡುಗಿ ಸಿಕ್ಕಿದ್ರೆ ಕೆಲಸ ಅವಳಿಗೇ ಅಂತ ಎಲ್ರೂ ಮಾತಾಡ್ಕೊಳ್ತಿದ್ರು. ಅವ್ವ ನಂಗೆ ಮೊದಲೇ ಹೇಳಿದ್ಲು. "ಪಾಸಾದ್ರೆ ಪಾಪಕ್ಕನ ಕುರ್ಚಿ. ಆಗ್ಲಿಲ್ಲ ಅಂದ್ರೆ ನಮ್ಮ ತಮ್ಮಂಗೆ ಕೊಟ್ಟು ಕೈ ತೊಳ್ಕೊಂತೀನಿ. ಇದಕ್ಕಿಂತ ಹೆಚ್ಗೆ ನನ್ನ ಕೈಲಿ ಆಗಲ್ಲ." ಸೋದರಮಾವ ಕೆಟ್ಟೋನಲ್ಲ. ಆದ್ರೆ ಅವನಿಗೆ ಆಗಲೇ ತಲೆ ಅರ್ಧ ಬೋಳಾಗಿತ್ತು, ನಾನು ಚಿಕ್ಕೋಳಿದ್ದಾಗ ಅವನ ಹೆಗಲ ಮೇಲೆ ಕೂತು ಆ ಕೂದಲು ಎಳೆದೋಳು. ಅವನ ಮನೇಲಿ ಹೆಂಡ್ತಿಯಾಗಿ ಮುದ್ದೆ ಕೂಡಿಸೋದು ನೆನೆಸ್ಕೊಂಡ್ರೆ ನಂಗೆ ಅಳು ಬರ್ತಿತ್ತು.

ಬೇರೆ ವಿಷಯ ಹೆಂಗೋ ಆಗ್ತಿದ್ವು. ಸಮಾಜ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ, ಅದ್ರಲ್ಲೂ ಭಾರತದ ನಕ್ಷೆ. ನನ್ನ ಪುಸ್ತಕ ಹಳೇದು, ನಕ್ಷೆ ಇದ್ದ ಹಾಳೆ ಮುಂಚೆ ಓದಿದೋರು ಯಾರೋ ಹರ್ಕೊಂಡಿದ್ರು. ಶಿವಮೂರ್ತಪ್ಪ ಮೇಷ್ಟ್ರು ಗೋಡೆಗೆ ತೂಗುಹಾಕೋ ದೊಡ್ಡ ನಕ್ಷೆ ಕೊನೇ ಬೆಂಚಿಂದ ಒಣಗಾಕಿದ ಸೀರೆ ತರ ಕಾಣ್ತಿತ್ತು.

ಒಂದು ದಿನ ಬಸ್ಸಲ್ಲಿ ನಿಂತ್ಕೊಂಡು ಓದ್ತಾ ಇದ್ದೆ. "ಏನಮ್ಮಿ, ಬಾಯಲ್ಲಿ ಮಂತ್ರ?" ಅಂತ ಯರ್ರಪ್ಪಣ್ಣ ಕೇಳ್ದ. ನಕ್ಷೆ ತಲೆಗೆ ಹೋಗಲ್ಲ ಅಂದೆ. ಅವನಿಗೆ ನಗು ಬರಲಿಲ್ಲ. "ನಾನೂ ಅದ್ರಲ್ಲೇ ಫೇಲಾಗಿದ್ದು," ಅಂದ. ಅವನು ಮೊಳಕಾಲ್ಮುರಿನ ನೇಕಾರರ ಮನೆ ಮಗ. ಮನೇಲಿ ತೆಲುಗು, ಬಸ್ಸಲ್ಲಿ ಕನ್ನಡ, ಚಳ್ಳಕೆರೆ ಮಾರ್ಕೆಟ್ಟಲ್ಲಿ ಉರ್ದುನೂ ಅಷ್ಟಿಷ್ಟು. ಮಗ್ಗದ ಗುಂಡೀಲಿ ಕಾಲು ಇಳಿಬಿಟ್ಟು ದಿನವಿಡೀ ಒಂದೇ ಕಡೆ ಕೂರೋದು ಆಗಲ್ಲ ಅಂತ ಹೆಗಲಿಗೆ ಚೀಲ ಹಾಕಿದೋನು. ದಿನಾ ಮೊಳಕಾಲ್ಮುರು ಚಳ್ಳಕೆರೆ ಓಡಾಡೋದೇ ಅವನ ದೇಶ ಸಂಚಾರ, ಅದಕ್ಕಿಂತ ಆಚೆ ಅವನು ಬಳ್ಳಾರಿ ಬಿಟ್ರೆ ಏನೂ ನೋಡಿರಲಿಲ್ಲ.

ಮಾರನೇ ದಿನ ಜೇಬಿಂದ ಒಂದು ಡೈರಿ ತೆಗೆದ. ಯಾವುದೋ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು, ಮೊದಲ ಪುಟದಲ್ಲಿ ಅಂಗೈಯಗಲ ಭಾರತ. ಮುಂದೆ ಡ್ರೈವರ್ ಪಕ್ಕ ನಿಂತ, ನಮ್ಮ ಕಡೆಗೆ ಮುಖ ಮಾಡ್ದ, ಡೈರಿ ನೋಡ್ತಾ ಸೀಟು ಹಂಚೋಕೆ ಶುರು ಮಾಡ್ದ. ಬಾನೆಟ್ಟು ಹಿಮಾಲಯ. ಹಿಂದಿನ ಉದ್ದ ಸೀಟಿನ ನಡುಮಧ್ಯ ಕನ್ಯಾಕುಮಾರಿ. ನಕ್ಷೇಲಿ ಬಂಗಾಳ ಅವನ ಬಲಗೈ ಕಡೆಗಿತ್ತು, ಬಸ್ಸಿನ ಬಾಗಿಲೂ ಅವನ ಬಲಗೈ ಕಡೆಗಿತ್ತು. ಹಾಗಾಗಿ ಬಾಗಿಲ ಸಾಲಿನ ನಡುವಿನ ಕಿಟಕಿ ಸೀಟು ಬಂಗಾಳ ಆಯ್ತು. ಹಿಂದಿನ ಬಾಗಿಲು ವಿಶಾಖಪಟ್ಟಣ, ಹಡಗು ಹತ್ತೋ ಇಳಿಯೋ ಜಾಗ. ಡ್ರೈವರ್ ಸಾಲಿನಲ್ಲಿ ಗುಜರಾತು, ಬೊಂಬಾಯಿ, ಹಿಂದಕ್ಕೆ ಬಂದ್ರೆ ನಮ್ಮ ಕರ್ನಾಟಕ.

ಬಂಗಾಳದಲ್ಲಿ ದಿನಾ ಕೂರ್ತಿದ್ದೋಳು ಉಚ್ಚಂಗೆಮ್ಮ. ಚಳ್ಳಕೆರೆಗೆ ಹೂವು ಮಾರೋಕೆ ಹೋಗೋ ಮುದುಕಿ, ಆ ಕಿಟಕಿ ಸೀಟಿಗೆ ಬೇರೆ ಯಾರಾದ್ರೂ ಕೂತ್ರೆ ಬುಟ್ಟಿ ಅವರ ತೊಡೆ ಮೇಲೇ ಇಡೋಳು. "ಬಂಗಾಳದೋರು ಚಿಲ್ಲರೆ ಕೊಡ್ರಿ," ಅಂತ ಯರ್ರಪ್ಪಣ್ಣ ಕೇಳಿದ್ರೆ ಅವಳು ಸೀರೆ ಗಂಟು ಬಿಚ್ಚೋಳು. "ಗುಜರಾತಿನೋರು ಒಂಚೂರು ಸರ್ಕೊಳ್ರಿ, ರಾಜಸ್ಥಾನಕ್ಕೆ ಒಂದು ಬಾಣಂತಿ ಬಂದೈತೆ." ಹಿಂಗೇ ನಡೀತಿತ್ತು. ಬಸ್ಸಿನ ಟಾಪ್ ಮೇಲೆ ಏರ್ತಿದ್ದ ಹುಣಸೆಹಣ್ಣು, ಶೇಂಗಾ, ಮೇಕೆ ಎಲ್ಲ ರಫ್ತು. ಸಂಜೆ ಚಳ್ಳಕೆರೆಯಿಂದ ವಾಪಸ್ ಬರೋ ಎಣ್ಣೆ ಡಬ್ಬ, ಸೋಪು, ಸೀಮೆಗೊಬ್ಬರ ಎಲ್ಲ ಆಮದು. ಮೊಳಕಾಲ್ಮುರಿನ ರೇಷ್ಮೆ ಸೀರೆ ಮಾತ್ರ ಟಾಪಿಗೆ ಹೋಗ್ತಿರಲಿಲ್ಲ, ನೇಕಾರರು ಅದನ್ನ ಕೂಸಿನ ತರ ಮಡಿಲಲ್ಲಿ ಇಟ್ಕೊಂಡೇ ಬರೋರು. ಸಿದ್ದಾಪುರದ ಕುರಿ ಕಾಯೋರು ಕ್ರಾಸಲ್ಲಿ ಹತ್ತಿದ್ರೆ ಇತಿಹಾಸ ಶುರು. "ನಿಮ್ಮೂರ ಬಂಡೆ ಮೇಲೆ ಅಶೋಕ ಏನು ಬರ್ಸವ್ನೆ ಹೇಳ್ರಿ," ಅಂತ ಇವನು ಕೇಳೋನು. "ಅಪ್ಪ ಅವ್ವನ ಮಾತು ಕೇಳ್ರಿ, ಸುಳ್ಳು ಹೇಳಬ್ಯಾಡ್ರಿ, ಗುರುವಿಗೆ ಶಿಷ್ಯ ಮರ್ಯಾದೆ ಕೊಡ್ಲಿ ಅಂತ," ಅಂತ ಅವರು ಒಪ್ಪಿಸೋರು. "ಸರಿ, ಟಿಕೆಟ್ ತಗೊಳ್ರಿ. ಮರ್ಯಾದೆ ಬೇರೆ, ಟಿಕೆಟ್ ಬೇರೆ."

ಮಾರ್ಚ್ ಹೊತ್ತಿಗೆ ಭಾರತ ನಂಗೆ ಬಾಯಿಪಾಠ. ಪರೀಕ್ಷೇಲಿ ನಕ್ಷೆ ಬರೀರಿ ಅಂತ ಬಂತು. ಕಣ್ಮುಚ್ಚಿದೆ, ಬಸ್ಸು ಕಾಣಿಸ್ತು, ಕೈ ತಾನೇ ಓಡ್ತು. ಮನೆಗೆ ಬಂದು ಅವ್ವಂಗೆ ನೂರಕ್ಕೆ ನೂರು ಪಾಸು ಅಂದೆ.

ಸಮಾಜದಲ್ಲಿ ಫೇಲು. ಅದೂ ನಾಲ್ಕೇ ಅಂಕಕ್ಕೆ.

ಮಾರ್ಕ್ಸ್ ಕಾರ್ಡ್ ತರೋಕೆ ಹೋದಾಗ ಶಿವಮೂರ್ತಪ್ಪ ಮೇಷ್ಟ್ರು ನಕ್ಷೆ ಬರೆದಿದ್ದೇನಮ್ಮ ಅಂತ ಕೇಳಿದ್ರು. ಬರ್ದೆ ಸಾರ್, ಅದೊಂದು ಮಾತ್ರ ಗ್ಯಾರಂಟಿ ಅಂದೆ. ಒಂದು ಬಿಳಿ ಹಾಳೆ ಕೊಟ್ಟು ಬರಿ ನೋಡೋಣ ಅಂದ್ರು. ಮೇಲೆ ಅಗಲ, ಕೆಳಗೆ ಚೂಪು ಎಳೆದು ಊರೂರು ಚುಕ್ಕಿ ಇಟ್ಟೆ. ಮೇಷ್ಟ್ರು ಸುಮಾರು ಹೊತ್ತು ನೋಡಿದ್ರು. ಆಮೇಲೆ ಹಾಳೆ ಮಗುಚಿ ಕಿಟಕಿ ಬೆಳಕಿಗೆ ಹಿಡಿದ್ರು. ಹಿಂದಿನಿಂದ ನನ್ನ ಚುಕ್ಕಿಗಳು ಕಾಣ್ತಿದ್ವು. "ಒಂದೂರೂ ತಪ್ಪಿಲ್ಲ ಕಣಮ್ಮ. ದೇಶಾನೇ ತಿರುಗಿ ಕೂತೈತೆ. ಬೊಂಬಾಯಿ ಇರೋದು ಪಡುವಲಿಗೆ, ನೀನು ಮೂಡಲಿಗೆ ಇಟ್ಟಿದ್ದೀಯ. ಯಾರು ಹೇಳ್ಕೊಟ್ರು?" ಅಂದ್ರು. ಹೆಸರು ಹೇಳದೆ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಹೊರಗೆ ಬಂದೆ.

ಸಂಜೆ ಬಸ್ಸು ಹತ್ತಿದ ಕೂಡಲೇ ಬಾಯಿ ಬಂತು. ಬಸ್ಸು ತುಂಬಾ ಜನ ಇದ್ರು, ನಾನು ಯಾರನ್ನೂ ನೋಡಲಿಲ್ಲ. "ನಾವು ಸೀಟಲ್ಲಿ ಮುಂದಕ್ಕೆ ಮುಖ ಮಾಡಿ ಕೂರ್ತೀವಿ, ನೀನು ನಮಗೆ ಎದುರು ನಿಂತು ನೋಡ್ತೀಯ. ನಿನ್ನ ಬಲ ನಮಗೆ ಎಡ ಅಲ್ವಾ ಕಂಡಕ್ಟ್ರಣ್ಣ? ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ಮೂರೂ ಹೊತ್ತು ಬಾಯಿ ಮಾಡ್ತೀಯ, ನನ್ನ ಬದುಕು ಮಣ್ಣು ಮಾಡ್ದೆ," ಅಂತ ಅಂದ್ಬಿಟ್ಟೆ. ಯರ್ರಪ್ಪಣ್ಣ ಬಾಗಿಲ ಕಡೆ ನೋಡ್ದ, ತನ್ನ ಕೈ ನೋಡ್ಕೊಂಡ, ಡೈರಿ ತೆಗೆದು ನೋಡ್ದ.  ತಳಕು ಊರು ದಾಟೋವರೆಗೂ ಟಿಕೆಟ್ ಕೇಳೋದನ್ನೂ ಮರೆತ. ನಾನು ಇಳಿಯುವಾಗ "ಇನ್ನೊಂದು ಸಲ ಪರೀಕ್ಷೆಗೆ ಯಾವಾಗ ಕಟ್ಟಬಹುದು?" ಅಂತ ಮೆಲ್ಲಗೆ ಕೇಳ್ದ. ಅಕ್ಟೋಬರ್ ಅಂದೆ, ತಿರುಗಿ ನೋಡದೆ ಹೋದೆ.

ಅವ್ವ ಅಕ್ಟೋಬರ್‌ವರೆಗೂ ಗಡುವು ಕೊಟ್ಲು. ಖಾಲಿ ಕೂರಬೇಡ ಅಂತ ಚಳ್ಳಕೆರೆಯ ಒಂದು ಗೋಡೌನಲ್ಲಿ ಶೇಂಗಾ ಬೀಜ ಆರಿಸೋ ಕೆಲಸಕ್ಕೆ ಹಚ್ಚಿದ್ಲು. ಹಂಗಾಗಿ ಮತ್ತೆ ಅದೇ ಬಸ್ಸು. ಮುಖ ಊದಿಸ್ಕೊಂಡೇ ಹತ್ತಿದೆ. ಹತ್ತಿ ನೋಡಿದ್ರೆ ಡ್ರೈವರ್ ಪಕ್ಕ ಯಾರೂ ಇಲ್ಲ. ಯರ್ರಪ್ಪಣ್ಣ ಕನ್ಯಾಕುಮಾರಿಗೆ ಬೆನ್ನು ಕೊಟ್ಟು ಬಸ್ಸಿನ ಹಿಂಭಾಗದಲ್ಲಿ ನಿಂತಿದ್ದ, ನಾವು ನೋಡೋ ಕಡೆಗೇ ಮುಖ ಮಾಡಿ.

"ಎಲ್ರೂ ಕೇಳ್ರಿ. ತಪ್ಪು ನಂದು. ಇವತ್ತಿಂದ ಹಿಂದಿನ ಬಾಗಿಲು ಬೊಂಬಾಯಿ. ಬಾಗಿಲ ಹಿಂದಿನ ಸೀಟು ಕರ್ನಾಟಕ. ಬಂಗಾಳ ಡ್ರೈವರ್ ಸಾಲಿಗೆ ಹೋಯ್ತು. ಉಚ್ಚಂಗೆಮ್ಮ, ನೀನಿನ್ಮೇಲೆ ಗುಜರಾತು."

"ನಾನ್ಯಾಕಪ್ಪ ಗುಜರಾತು? ಇಷ್ಟು ದಿನ ಬಂಗಾಳ ಬಂಗಾಳ ಅಂದೆ. ಈಗ ಬುಟ್ಟಿ ಎತ್ಕೊಂಡು ಆ ಕಡೆ ಹೋಗು ಅಂತೀಯಾ?"

"ನೀನು ಅಲ್ಲೇ ಕೂತ್ಕೊ ತಾಯಿ. ದೇಶ ಮಾತ್ರ ತಿರುಗ್ತೈತೆ."

ಮರೆಯೋದು ಕಲಿಯೋದಕ್ಕಿಂತ ಕಷ್ಟ ಆಯ್ತು. ಅವನೇ ಎಷ್ಟೋ ಸಲ ಬಾಯಿ ತಪ್ಪಿ ಉಚ್ಚಂಗೆಮ್ಮನ್ನ ಬಂಗಾಳ ಅಂದು ಅವಳ ಕೈಲಿ ಬೈಸ್ಕೊಂಡ. ಆದ್ರೆ ಒಂದು ದಿನಕ್ಕೂ ಮುಂದಕ್ಕೆ ಹೋಗಿ ನಿಲ್ಲಲಿಲ್ಲ. ಹಿಂದಿನ ಚಕ್ರದ ಕುಲುಕಾಟಕ್ಕೆ ಸೊಂಟ ಹಿಡ್ಕೊಂಡ್ರೂ, ಧೂಳು ಮುಖಕ್ಕೆ ರಾಚಿದ್ರೂ ಅಲ್ಲೇ. ಮಳೆಗಾಲ ಮುಗಿಯೋ ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು. ಬೈದೆನಲ್ಲ ಅಂತ ಬೇಜಾರೂ ಆಗ್ತಿತ್ತು, ಆದ್ರೆ ಅದನ್ನ ಹೇಳೋಕೆ ಅವನು ಸಂದು ಕೊಟ್ರೆ ತಾನೆ? ಹತ್ತಿದ ಕೂಡಲೇ "ನರ್ಮದಾ ಎಲ್ಲಿ ಸಮುದ್ರ ಸೇರ್ತಾಳೆ?" ಅನ್ನೋನು. ಉಚ್ಚಂಗೆಮ್ಮನ ಬುಟ್ಟಿ ಹತ್ರ ಅಂತ ನಾನು ಅನ್ನೋಳು.

ಪರೀಕ್ಷೆ ದಿನ ಬೆಳಿಗ್ಗೆ ಬಸ್ಸು ಬಂದಾಗ ಒಳಗೆ ಏನೋ ಬೇರೆ ತರ ಇತ್ತು. ಎಲ್ರೂ ಅವರವರ ಸೀಟಲ್ಲೇ ಕೂತಿದ್ರು. ಗೊತ್ತಿಲ್ಲದೆ ಅಸ್ಸಾಮಲ್ಲಿ ಕೂತ ಹೊಸಬರನ್ನ ಯರ್ರಪ್ಪಣ್ಣ ಕೈಮುಗಿದು ಎಬ್ಬಿಸಿ ಬೇರೆ ಕಡೆ ಕೂರಿಸಿದ್ದ. ನನ್ನನ್ನ ಹಿಂದಕ್ಕೆ ಕರೆದು ತನ್ನ ಪಕ್ಕ ನಿಲ್ಲಿಸ್ಕೊಂಡ. "ಏನೂ ಓದಬ್ಯಾಡ. ಸುಮ್ನೆ ನೋಡು," ಅಂದ. ನಾನು ಚಳ್ಳಕೆರೆವರೆಗೂ ನೋಡ್ತಾನೇ ಇದ್ದೆ. ಗುಜರಾತು ಎಲೆ ಅಡಿಕೆ ಹಾಕ್ಕೊಳ್ತು. ಬಂಗಾಳ ತೂಕಡಿಸ್ತು. ಹಿಮಾಲಯದ ಮೇಲೆ ಒಬ್ಬ ಗೌಡ ಟವಲ್ ಮಡಚಿ ಹಾಕ್ಕೊಂಡು ಕೂತಿದ್ದ. ಇವರೆಲ್ಲ ನನಗೋಸ್ಕರ ಕದಲದೆ ಕೂತವ್ರೆ ಅಂತ ಆಗ ಹೊಳೀತು.

ಪರೀಕ್ಷೆ ಹಾಲಲ್ಲಿ ಪೇಪರ್ ಕೊಟ್ರು. ನಕ್ಷೆ ಪ್ರಶ್ನೆ ಬಂದಿತ್ತು. ತಲೆ ಎತ್ತಿದ್ರೆ ಮೇಲ್ವಿಚಾರಕರು ನಮಗೆ ಎದುರಾಗಿ ನಿಂತಿದ್ರು, ಮೊದಲು ಯರ್ರಪ್ಪಣ್ಣ ನಿಲ್ತಿದ್ದ ಹಂಗೆ. ಒಂದು ಗಳಿಗೆ ಎಲ್ಲ ಕಲಸಿಹೋಯ್ತು, ಬೊಂಬಾಯಿ ಆ ಕಡೆ ಹೋಯ್ತು, ಈ ಕಡೆ ಬಂತು. ಸೋದರಮಾವನ ಬೋಳು ತಲೆನೂ ಕಣ್ಣಿಗೆ ಬಂತು. ಆಮೇಲೆ ಕಣ್ಮುಚ್ಚಿ, ಯರ್ರಪ್ಪಣ್ಣ ನನ್ನ ಬೆನ್ನ ಹಿಂದೆ ನಿಂತವ್ನೆ ಅಂದ್ಕೊಂಡೆ. ಅವನ ಚೀಲದ ಚಿಲ್ಲರೆ ಸದ್ದು ಕಿವಿಗೆ ಬಂದಂಗಾಯ್ತು. ಬರೆದೆ.

ರಿಸಲ್ಟ್ ಬಂದ ದಿನ ನಾನೂ ಅವ್ವನೂ ರಸ್ತೆ ಪಕ್ಕದ ಹೊಲದಲ್ಲಿ ಶೇಂಗಾ ಕೀಳ್ತಿದ್ವಿ. ಹೋಗಿ ನೋಡೋಕೆ ನಂಗೆ ಧೈರ್ಯ ಇರಲಿಲ್ಲ. ಸಂಜೆ ಬಸ್ಸು ಸ್ಟಾಪಿಲ್ಲದ ಕಡೆ, ನಾವಿದ್ದ ಹೊಲದ ಎದುರಿಗೇ ನಿಂತ್ಕೊಂಡಿತು. ಯರ್ರಪ್ಪಣ್ಣ ಇಳಿದು ಬದು ಮೇಲೆ ಬಂದ. ನನ್ನ ನಂಬರು ಬಾಯಿಪಾಠ ಮಾಡ್ಕೊಂಡು, ಚಳ್ಳಕೆರೇಲಿ ಬಸ್ಸು ನಿಲ್ಲೋ ಹೊತ್ತಲ್ಲಿ ಸ್ಕೂಲಿಗೆ ಹೋಗಿ ಬೋರ್ಡು ನೋಡಿ ಬಂದಿದ್ದ. ನನ್ನ ಕಡೆ ನೋಡದೆ ನೇರ ಅವ್ವನ ಹತ್ರ ಹೋದ.

"ಕರಿಯಕ್ಕ, ನಿಮ್ಮ ಹುಡುಗಿ ಪಾಸು. ಅವತ್ತು ಫೇಲಾಗಿದ್ದು ಅವಳ ತಪ್ಪಲ್ಲ, ನಂದು. ಇದನ್ನ ನಿಮಗೆ ಮೊದಲೇ ಬಂದು ಹೇಳಬೇಕಿತ್ತು, ಮುಖ ಇರಲಿಲ್ಲ."

ಅವ್ವ ಕೈಯ ಮಣ್ಣು ಸೀರೆಗೆ ಒರೆಸ್ಕೊಂಡ್ಲು. ಬಸ್ಸಿನ ಕಿಟಕೀಲಿ ಉಚ್ಚಂಗೆಮ್ಮ ತಲೆ ಹೊರಗೆ ಹಾಕಿ ನೋಡ್ತಿದ್ಲು. ಅವ್ವ ನೇರ ನಡೆದು ಹೋಗಿ ಬಸ್ಸು ಹತ್ತಿದ್ಲು. "ನನ್ನ ಮಗಳು ಓದಿದ್ದು ಇದ್ರಾಗೇನಾ? ನಮ್ಮೂರು ಎಲ್ಲಿ ಬರ್ತೈತಪ್ಪ?" ಅಂತ ಕೇಳಿದ್ಲು. ಬಾಗಿಲ ಹಿಂದೆ ಕರ್ನಾಟಕದ ಸೀಟಲ್ಲಿದ್ದೋರು ಯಾರೂ ಹೇಳದೇನೇ ಎದ್ದು ನಿಂತ್ರು. ಅವ್ವ ಅಲ್ಲಿ ಕೂತು ಮುಂದೆ ಹಿಮಾಲಯದವರೆಗೂ ಕಣ್ಣಾಡಿಸಿದ್ಲು, ಆಮೇಲೆ ಸೆರಗು ಬಾಯಿಗೆ ಒತ್ಕೊಂಡು ಅತ್ಲು. ಅಪ್ಪ ಸತ್ತ ಮೇಲೆ ಅವಳು ಅತ್ತಿದ್ದು ನಾನು ನೋಡಿದ್ದು ಅವತ್ತೇ.

ಪಾಪಕ್ಕನ ಕುರ್ಚಿ ಸಿಕ್ಕಿ ಹತ್ತು ವರ್ಷ ದಾಟಿತು. ಆ ಬಸ್ಸು ಗುಜರಿಗೆ ಹೋಯ್ತು. ಯರ್ರಪ್ಪಣ್ಣ ಸೊಂಟ ನೋವಿಗೆ ಕೆಲಸ ಬಿಟ್ಟು ಮೊಳಕಾಲ್ಮುರಲ್ಲಿ ಅಣ್ಣನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೊಡ್ತಾನೆ. ಆ ನೋವು ಯಾವ ಸೀಟಿನ ಹತ್ರ ಬಂದಿದ್ದು ಅಂತ ನಂಗೊಬ್ಬಳಿಗೆ ಗೊತ್ತು. ಹಬ್ಬಕ್ಕೆ ಹೋಗಿ ಕಾಲಿಗೆ ಬೀಳ್ತೀನಿ. ಬ್ಯಾಡ ಕಣಮ್ಮಿ ಅಂತಾನೆ, ನಾನು ಬಿಡಲ್ಲ.

ಮೊನ್ನೆ ಮೇಲಿನೋರು ಅಂಗನವಾಡಿ ನೋಡೋಕೆ ಬಂದಿದ್ರು. ಎಲ್ಲ ಸರಿ ಐತೆ, ಆದ್ರೆ ನೀವ್ಯಾಕೆ ಕುರ್ಚಿ ಬಿಟ್ಟು ಮಕ್ಕಳ ಹಿಂದೆ ಕೂತು ಪಾಠ ಹೇಳ್ತೀರಿ ಅಂತ ಕೇಳಿದ್ರು. ಮಕ್ಕಳಿಗೆ ಹೆಂಗೆ ಕಾಣ್ತೈತೋ ನಂಗೂ ಹಂಗೇ ಕಾಣ್ಲಿ ಅಂತ ಮೇಡಂ ಅಂದೆ. ಯಾವ ಟ್ರೈನಿಂಗಲ್ಲಿ ಹೇಳ್ಕೊಟ್ರು ಅಂದ್ರು. ಏಳೂವರೆ ಬಸ್ಸಲ್ಲಿ ಅಂದೆ.