ಬೆನ್ನು ತಿರುಗಿಸಿ ನಿಂತವಳು

ಚಿತ್ರಕಾದಂಬರಿಗಳನ್ನು ಬರೆಯುತ್ತಿದ್ದ ನನ್ನ ಗೆಳೆಯ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ಚಿತ್ರ ಅವನದು, ಮಾತು ನನ್ನದು; ನಮ್ಮಿಬ್ಬರ ಪುಸ್ತಕಗಳೆಲ್ಲ ಹಾಗೆಯೇ ಆದವು.

"ನಿನ್ನ ಮಾತೆಲ್ಲಾ ತುಂಬಿದ್ರೆ ನನ್ನ ಜನ ಎಲ್ಲಿ ಕೂತ್ಕೋಬೇಕೋ ಪುಣ್ಯಾತ್ಮ?" ಎಂದು ನನ್ನ ಸಾಲುಗಳನ್ನು ಹೊಡೆದುಹಾಕುತ್ತಿದ್ದ. ಒಬ್ಬನ ಜಿಪುಣತನದ ಬಗ್ಗೆ ನಾನು ಅರ್ಧ ಪುಟ ಬರೆದಿದ್ದರೆ, ಅವನು ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಒತ್ತಿ ಅಂಟಿಸುವ ಎರಡು ಕೈ ಬರೆದು ಮುಗಿಸುತ್ತಿದ್ದ. ಬರೆಯುವಾಗ ಮೊದಲು ಖಾಲಿ ಕೋಣೆ, ಆಮೇಲೆ ಮನುಷ್ಯ, ಎಲ್ಲ ಆದ ಮೇಲೆ ಕಣ್ಣು. ಈ ಕ್ರಮವನ್ನು ಅವನು ಒಮ್ಮೆಯೂ ತಪ್ಪಿಸಿದವನಲ್ಲ.

ಕೊನೆಯ ಪುಸ್ತಕ ಅವನ ತಂಗಿಯ ಬಗ್ಗೆ. ಚಿಕ್ಕಂದಿನಲ್ಲೇ ಜ್ವರದಲ್ಲಿ ಹೋದವಳು. ಒಂದು ಫೋಟೊ ಕೂಡ ಇಲ್ಲ. ಅವಳ ಗಿಡ್ಡ ಜಡೆ, ಜಾರಿದ ಕಾಲುಚೀಲ ಎಲ್ಲ ಅವನಿಗೆ ನೆನಪಿತ್ತು. ಮುಖ ಮಾತ್ರ ಅಳಿಸಿಹೋಗಿತ್ತು. ಸಾಯುವುದರೊಳಗೆ ಆ ಮುಖ ಒಮ್ಮೆ ಕೈಗೆ ಸಿಗಬೇಕು, ಅವನಿಗೆ ಬೇಕಾದದ್ದು ಅಷ್ಟೇ. ಆದರೆ ಪುಟ ಪುಟದಲ್ಲೂ ಅವಳು ಬೆನ್ನು ತಿರುಗಿಸಿಯೇ ನಿಂತಳು.

"ನಿನ್ನ ಮುಖಕ್ಕೇ ಒಂದು ಜಡೆ ಹಾಕೋ, ಅವಳಾಗ್ತಾಳೆ," ಎಂದು ಅವನ ಅಕ್ಕ ನಗಿಸಲು ನೋಡಿದಳು. ಕನ್ನಡಿ ಇಟ್ಟುಕೊಂಡು ಬರೆದೂ ಬರೆದ. "ಇದು ಜಡೆ ಹಾಕ್ಕೊಂಡ ನಾನೇ ಅಕ್ಕಾ," ಎಂದು ಹರಿದುಹಾಕಿದ.

ಹೋದ ತಿಂಗಳು ಪುಟಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹಾಸಿದೆವು. ಮೊದಲು ಕಿಟಕಿಯ ಬಳಿ ಇದ್ದವಳು ಪುಟದಿಂದ ಪುಟಕ್ಕೆ ನಮ್ಮ ಕಡೆಗೆ ಹಿಂದೆ ಸರಿಯುತ್ತಾ ಬಂದಿದ್ದಳು.

"ಮೆಲ್ಲಗೆ ಹತ್ತಿರ ತಂದಿದೀಯ, ಚೆನ್ನಾಗಿದೆ," ಎಂದೆ.

"ನಾನೆಲ್ಲಿ ತಂದೆ? ಎಲ್ಲಾ ಪುಟಕ್ಕೂ ಒಂದೇ ಅಳತೆ ಕಣೋ."

ಸ್ಕೇಲು ಇಟ್ಟು ನೋಡಿದೆವು. ಕೋಣೆ, ಕಿಟಕಿ, ಮಂಚ ಎಲ್ಲವೂ ಒಂದೇ ಅಳತೆ. ಅವಳ ಅಳತೆ ಮಾತ್ರ ಪುಟದಿಂದ ಪುಟಕ್ಕೆ ದೊಡ್ಡದಾಗುತ್ತಾ ಬಂದಿತ್ತು. ನಾನು ಸ್ಕೇಲು ಕೆಳಗಿಟ್ಟೆ. ಅವನ ಮುಖ ಅರಳಿತು. "ಬರ್ತಿದಾಳೆ," ಎಂದ.

ಮಂಗಳವಾರ ಅಕ್ಕ ಊಟಕ್ಕೆ ಕರೆದಾಗ, "ಬಂದೆ. ಬಾಗಿಲು ಹಾಕ್ಬೇಡ," ಎಂದನಂತೆ. ತುಂಬಾ ಹೊತ್ತಾದರೂ ಬರಲಿಲ್ಲ.

ನಾನು ಹೋದಾಗ ಮೇಜಿನ ಮೇಲೆ ಕೊನೆಯ ಪುಟವಿತ್ತು. ಅದರಲ್ಲಿ ಹುಡುಗಿ ಇರಲಿಲ್ಲ. ಇದ್ದದ್ದು ಅವನದೇ ಕೋಣೆ, ಗೋಡೆಗೆ ಮುಖ ಮಾಡಿದ ಮೇಜು, ಅದರ ಮೇಲೆ ಬಾಗಿದ ಅವನ ಬೆನ್ನು, ಕುತ್ತಿಗೆಯ ನರೆಗೂದಲು. ಬಾಗಿಲಲ್ಲಿ ನಿಂತ ಒಂದು ಮಗುವಿನ ಎತ್ತರದಿಂದ ಕಂಡಂತೆ. ಇಡೀ ಪುಸ್ತಕ ಬೆನ್ನು ತೋರಿಸಿದವಳು ಈಗ ತಿರುಗಿ ಅವನನ್ನು ನೋಡುತ್ತಿದ್ದಳು.

ಅದು ಮುಗಿದ ಮೇಲೆ ಅವನು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಕೂತಿದ್ದ. ಮೊಣಕಾಲ ಮೇಲೆ ಹಲಗೆ, ಹಲಗೆಗೆ ಸಿಕ್ಕಿಸಿದ ಹೊಸ ಹಾಳೆ. ಅಕ್ಕ ಅದನ್ನು ನೋಡಿದವಳೇ ತಂಗಿಯನ್ನು ಹೆಸರು ಹಿಡಿದು ಕೂಗಿದ್ದಳು. ಹಾಳೆಯಲ್ಲಿ ಕೋಣೆ ಇರಲಿಲ್ಲ, ಮನುಷ್ಯರಿರಲಿಲ್ಲ. ಮೊದಲು ಕಣ್ಣು ಬರೆದಿದ್ದ.